ಹಿಟ್ಟಿನ ಎಂಟು ಗಂಟೆ

ಅಡುಗೆ ಕಂಟ್ರಾಕ್ಟರ್ ಫಣಿರಾಜರು ಟ್ಯಾಬ್ಲೆಟ್ಟಿನ ಕೆಲಸದ ಪಟ್ಟಿಯಲ್ಲಿ ಖಾಲಿ ಹೊತ್ತು ಕಂಡರೆ ಸಾಕು, ಕಿರುಬೆರಳಿನಿಂದ ಒರೆಸಿಬಿಡುತ್ತಿದ್ದರು. ವರಪೂಜೆಯ ದಿನ ಬೆಳಿಗ್ಗೆ, ಇಡ್ಲಿಹಿಟ್ಟು ಉಬ್ಬಲು ಬೇಕಾದ ಎಂಟು ಗಂಟೆಯನ್ನೂ ಒರೆಸಿದರು.

ಕೊಪ್ಪರಿಗೆಯಲ್ಲಿದ್ದ ಹಿಟ್ಟಿಗೆ ಮೈಯೆಲ್ಲ ಉರಿಯಿತು. "ನನ್ನ ಹೊತ್ತು ಎಲ್ಲಿ ಹೋಯಿತಯ್ಯಾ?"

"ಆಗ ಯಾರೂ ಕೆಲಸ ಮಾಡುವುದಿಲ್ಲ. ನೀನು ಬರೀ ಕೂತಿರುತ್ತೀಯ," ಎಂದಿತು ಟ್ಯಾಬ್ಲೆಟ್.

"ಕೂತು ಉಬ್ಬುವುದೇ ನನ್ನ ಕೆಲಸ. ಇಡ್ಲಿ ಕಲ್ಲಾದರೆ ಬೀಗರೆದುರು ಉಗಿಸಿಕೊಳ್ಳುವವಳು ಅಡುಗೆಯ ಭಾಗೀರಥಮ್ಮ, ನೀನಲ್ಲ. ಹೋದ ಮದುವೆಯಲ್ಲೂ ಅವಳೇ ತಲೆ ತಗ್ಗಿಸಿ ನಿಂತಿದ್ದಳು."

"ಪಟ್ಟಿಯಲ್ಲಿ ಅವಳ ಸಾಲು ಹಸಿರಾಗಿಯೇ ಇದೆ, ಅಂದರೆ ಎಲ್ಲ ಸರಿಯಿದೆ."

"ಹಸಿರಂತೆ. ಒಂದು ಸಲ ಅವಳ ಮುಖ ನೋಡು."

ಫಣಿರಾಜರು ಕೆಲಸದ ಹುಡುಗರಿಗೆ ಒಲೆ ಹಚ್ಚಲು ಹೇಳಿ ಫೋನಿಗೆ ತಿರುಗಿದರು. ಭಾಗೀರಥಮ್ಮ ಕೊಪ್ಪರಿಗೆಯ ಮುಚ್ಚಳವನ್ನು ಒತ್ತಿ ಹಿಡಿದಳು.

"ಫಣಿಯಣ್ಣ, ಹಿಟ್ಟು ಇನ್ನೂ ಹುಳಿ ಬಂದಿಲ್ಲ. ಸಂಜೆಯವರೆಗೆ ಇದನ್ನು ಮುಟ್ಟಬೇಡಿ ಅಂತ ಹುಡುಗರಿಗೆ ಒಂದು ಮಾತು ಹೇಳಿ."