ಹರಿಗೋಲಿಗೆ ಚುಚ್ಚಿದ ದಬ್ಬಣ

ಹೊಳೆದಂಡೆಯ ಮಠದಲ್ಲಿ ಗುರುಸಿದ್ಧಯ್ಯ ಎಂಬ ಗುರು, ಚೆನ್ನವೀರ ಎಂಬ ಶಿಷ್ಯ. ಶಿಷ್ಯ ಕೆಟ್ಟವನಲ್ಲ. ಅನುಮಾನ ಮಾತ್ರ ಜಾಸ್ತಿ. ಕುಡಿಯುವ ನೀರನ್ನೂ ಎರಡು ಸಲ ಮೂಸುತ್ತಿದ್ದ.

ಒಂದು ದಿನ ಊರ ಹಿರಿಯರು ಹುಲಿಗೆವ್ವ ಎಂಬ ಹದಿನೈದರ ಹುಡುಗಿಯನ್ನು ಕರೆತಂದರು. ಜ್ವರ ಬಂದ ಅವಳ ತಾಯಿಯನ್ನು ಅಂಬಿಗ ಯಮನೂರಪ್ಪ 'ನಾಳೆ ಬಾ' ಎಂದು ಹೊಳೆ ದಾಟಿಸಿರಲಿಲ್ಲ. ಆ ಸಿಟ್ಟಿಗೆ ಅವನ ಹರಿಗೋಲಿನ ತಳವನ್ನು ಕುಡುಗೋಲಿನಿಂದ ಸೀಳಿದ್ದಳು.

"ಪೊಲೀಸರಿಗೆ ಕೊಡೋಣೇನ್ರೀ ಅಜ್ಜಾರ?" ಎಂದು ಹಿರಿಯರು ಗುರುವನ್ನು ಕೇಳಿದರು.

ಗುರು ಹುಡುಗಿಯನ್ನೇ ಕೇಳಿದರು. "ಹೊಲಿಯಾಕ ಬರ್ತೈತೇನವ್ವಾ?"

"ಕಲೀತೀನ್ರಿ."

"ಹಂಗಾದ್ರ ಹರದಾಕಿನೇ ಹೊಲೀಲಿ. ಆಮ್ಯಾಲ ಮೂರು ತಿಂಗಳು ಊರ ಮಂದೀನ ದಾಟಸ್ಲಿ."

ಯಮನೂರಪ್ಪ ಒಪ್ಪಿದ. ಆದರೆ ಬೆರಳೆತ್ತಿ ಹೇಳಿದ: "ಹನಿ ನೀರು ಒಳಗ ಬಂತೋ, ಸೀದಾ ಠಾಣೆಗೆ!"

ಗೊಣಗುತ್ತಲೇ ಕೆಲಸವನ್ನೂ ಅವನೇ ಕಲಿಸಿದ. ಹುಲಿಗೆವ್ವ ಎಂಟು ದಿನ ಸೀಳಿದ ತಳಕ್ಕೆ ಚೀಲದ ತೇಪೆ ಹೊಲಿದಳು, ನೀರು ಇಳಿಯದಂತೆ ಡಾಂಬರು ಬಳಿದಳು. ಬೆರಳಲ್ಲಿ ಬೊಬ್ಬೆ ಎದ್ದವು.

ಚೆನ್ನವೀರನಿಗೆ ಸಮಾಧಾನವಿಲ್ಲ. "ಅಜ್ಜಾರ, ನಾಯಿ ಬಾಲ ಡೊಂಕೇ. ಈಕಿ ಮತ್ತ ಏನರ ಕಿತಾಪತಿ ಮಾಡ್ತಾಳ."

"ಕಣ್ಣಿಲೆ ನೋಡು. ಕೈ ಹಚ್ಚಬ್ಯಾಡ."

ಒಂಬತ್ತನೇ ದಿನ ಹುಡುಗಿ ಉಣ್ಣಲು ಹೋದಾಗ, ಬೋರಲು ಹಾಕಿದ್ದ ಹರಿಗೋಲಿನ ಬಳಿ ಚೆನ್ನವೀರ ಬಂದ. ಡಾಂಬರು ತೆಳ್ಳಗೆ ಬಳಿದು ಮೋಸ ಮಾಡಿದ್ದರೆ? ಹೊಲಿಗೆಯ ದಬ್ಬಣ ಅಲ್ಲೇ ಬಿದ್ದಿತ್ತು. ಚುಚ್ಚಿ ನೋಡಿದ.

ದಪ್ಪವಾಗಿಯೇ ಇತ್ತು. ದಬ್ಬಣ ಕಿತ್ತು, ತೂತನ್ನು ಹೆಬ್ಬೆರಳಿನಿಂದ ತಿಕ್ಕಿದ. ಮುಚ್ಚಿತು ಅಂದುಕೊಂಡ.

ಹೊಲಿದವರೇ ಮೊದಲು ಒಬ್ಬರೇ ಕೂತು ದಾಟಬೇಕು. ಅದು ಅಲ್ಲಿನ ಅಂಬಿಗರ ರೂಢಿ. ಮರುದಿನ ಬೆಳಿಗ್ಗೆ ಊರೆಲ್ಲ ದಂಡೆಯಲ್ಲಿ ನಿಂತಿತು. ಹುಲಿಗೆವ್ವ ಹುಟ್ಟು ಹಾಕುತ್ತಾ ನಡುಹೊಳೆ ಮುಟ್ಟುವಷ್ಟರಲ್ಲಿ ಕಾಲಬುಡದಲ್ಲಿ ನೀರು ಚಿಮ್ಮಿತು.

ಅಯ್ಯೋ ಶಿವನೇ! ಅಂಗಾಲಿನಿಂದ ತೂತು ಅದುಮಿ, ಅಳುತ್ತಾ, ಹೇಗೋ ದಂಡೆಗೆ ಬಂದಳು.

ಯಮನೂರಪ್ಪ ರಟ್ಟೆ ಹಿಡಿದ. "ನಡಿ ಠಾಣೆಗೆ!"

"ನಾ ಏನೂ ಮಾಡಿಲ್ರೀ ಕಾಕಾ! ಆಣಿ ಮಾಡ್ತೀನಿ!"

ಒಬ್ಬರೂ ನಂಬಲಿಲ್ಲ. ಗುರು ಶಿಷ್ಯನ ಕಡೆ ತಿರುಗಿದರು. ಅವನ ಹೆಬ್ಬೆರಳಿಗೆ ಇನ್ನೂ ಡಾಂಬರು ಅಂಟಿತ್ತು.

"ಏನೋ ಚೆನ್ನವೀರಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. "ಆಕೀದು ತಪ್ಪಿಲ್ರಿ. ದಬ್ಬಣ ಚುಚ್ಚಿದಾಂವ ನಾನು. ಗಟ್ಟಿ ಐತೋ ಇಲ್ಲೋ ನೋಡಾಕ..."

ಯಮನೂರಪ್ಪನ ಕೈ ಸಡಿಲವಾಯಿತು.

"ಕೇಳಿದ್ರ ನಾನೇ ತೋರಸ್ತಿದ್ನೆಲ್ರೀ ಅಣ್ಣಾರ," ಎಂದು ಹುಡುಗಿ ಬಿಕ್ಕಿದಳು. "ನಾ ಮುಳುಗಿದ್ರ?"

ಗುರು ದಬ್ಬಣ ತಂದು ಚೆನ್ನವೀರನ ಕೈಗಿಟ್ಟರು. "ಹೊಲಿ. ಹುಲಿಗೆವ್ವ ಕಲಿಸ್ತಾಳ. ಆಮ್ಯಾಲ ಹುಟ್ಟು ಹಾಕು."

"ಎಷ್ಟು ದಿನಾ ರೀ ಅಜ್ಜಾರ?"

"ನೀ ಹೊಲಿದ ಹರಿಗೋಲಿನಾಗ ಈಕಿ ತಾನಾಗೇ ಹತ್ತಿ ಕೂಡೋತನಕ."