ಡಿಜೆ ಗಾಡಿಯ ಮುಂದೆ ಮುಗಿದ ಕೈ

"ಗುರುಗಳೇ, ಹೊಸದಾಗಿ ಬಂದದ್ದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?" ಎಂದು ಷಡಕ್ಷರಿ ಕೇಳಿದ.

ಷಡಕ್ಷರಿ ಮಠದ ಶಿಷ್ಯ. ಮಠಕ್ಕೆ ಹೊಸ ಸೌಂಡ್ ಸೆಟ್ ಕೊಡಿಸುತ್ತೇವೆಂದು ಭಕ್ತರು ಮುಂದೆ ಬಂದಿದ್ದರು. ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಎಂಟು ದಿನದಿಂದ ಅವನು ಫೋನಿನಲ್ಲಿ ಸ್ಪೀಕರುಗಳ ಚಿತ್ರ ನೋಡಿ ನೋಡಿ ಜಪವನ್ನೂ ಮರೆತಿದ್ದ. ಇವತ್ತು ಆರಿಸಿದ್ದು ನಾಳೆ ಹಳತಾದರೆ ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆ ಅವನಿಗೆ.

ಗುರುಗಳು ಅವನ ಫೋನು ತೆಗೆದುಕೊಂಡು ನಾಲ್ಕು ಚಿತ್ರ ನೋಡಿದರು. ಐದನೆಯದಕ್ಕೆ ಸಾಕಾಗಿ ವಾಪಸು ಕೊಟ್ಟರು. "ಕೂತ್ಕೋ. ಇದನ್ನ ನಿನಗಿಂತ ಚೆನ್ನಾಗಿ ಬಲ್ಲ ಒಬ್ಬನ ಕತೆ ಹೇಳ್ತೀನಿ," ಎಂದರು.

ಒಂದು ಊರಿನಲ್ಲಿ ಒಬ್ಬ ಮೈಕ್‌ಸೆಟ್ಟಿನವನಿದ್ದ. ಸುತ್ತಿನ ಹತ್ತೂರಿನಲ್ಲಿ ಮದುವೆಯಾಗಲಿ ನಾಮಕರಣವಾಗಲಿ ಹಾಡು ಹಾಕುವವನು ಅವನೇ. ಅವನಿಗೆ ಇದ್ದದ್ದು ಒಂದೇ ಚಿಂತೆ, ತಾನು ಹಿಂದೆ ಬೀಳಬಾರದು.

ಮೊದಲು ಅವನ ಹತ್ತಿರ ಎರಡು ಹಾರನ್ ಸ್ಪೀಕರು, ಹಾಡಿನ ತಟ್ಟೆ ತಿರುಗಿಸುವ ಒಂದು ಪೆಟ್ಟಿಗೆ ಇದ್ದವು. ಕ್ಯಾಸೆಟ್ ಬಂದಾಗ ತಟ್ಟೆಗಳು ಅಟ್ಟ ಸೇರಿದವು. ಸಿಡಿ ಬಂದಾಗ ಕ್ಯಾಸೆಟ್ಟುಗಳು ಅದೇ ಅಟ್ಟ ಸೇರಿದವು. ಆಮೇಲೆ ಪೆನ್‌ಡ್ರೈವ್, ಆಮೇಲೆ ಲ್ಯಾಪ್‌ಟಾಪ್, ಆಮೇಲೆ ಹಾಡಿಗೆ ಹಾಡು ಬೆರೆಸಲು ಎರಡು ಚಕ್ರ ಕೂರಿಸಿದ ಹಲಗೆಯಂಥ ಒಂದು ಯಂತ್ರ. ಪಕ್ಕದೂರಿನವನು ಎರಡು ಸ್ಪೀಕರ್ ಬಾಕ್ಸ್ ಇಟ್ಟನೆಂದರೆ, ನಾಲ್ಕು ಇಡುವವರೆಗೆ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಅಂಗಡಿಯ ಮುಂದಿನ ಹಲಗೆಯಲ್ಲಿ 'ಮೈಕ್‌ಸೆಟ್' ಎಂಬುದನ್ನು ಅಳಿಸಿ 'ಡಿಜೆ' ಎಂದು ಬರೆಸಿದ. ಅಳಿಸಿದ ಅಕ್ಷರ ಬಣ್ಣದ ಕೆಳಗೆ ಕಾಣುತ್ತಲೇ ಇತ್ತು, ಅದಕ್ಕೂ ಅವನಿಗೆ ನಾಚಿಕೆ.

ಕೆಲವು ಸಾಮಾನು ಬಂದ ದಾರಿಯಲ್ಲೇ ಹೋದವು. ಸೋಪಿನ ಗುಳ್ಳೆ ಉಗುಳುವ ಯಂತ್ರ ತಂದ. ಮೊದಲ ಮದುವೆಯಲ್ಲೇ ವರನ ಸೋದರಮಾವ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡ, ಅಲ್ಲಿಗೆ ಅದು ಮುಗಿಯಿತು. ಕನ್ನಡಿ ಚೂರು ಅಂಟಿಸಿದ ಒಂದು ಗುಂಡು ತಂದ. ಎರಡು ವರ್ಷ ಅದು ತಿರುಗಿತು. ಮೂರನೆಯ ವರ್ಷ ಕೇಳುವವರಿಲ್ಲದೆ, ಹಕ್ಕಿ ಓಡಿಸಲು ಇರಲಿ ಎಂದು ಒಬ್ಬ ರೈತನಿಗೆ ಕೊಟ್ಟ. ಹತ್ತು ವರ್ಷವಾದ ಮೇಲೆ ಕನ್ನಡಿ ಗುಂಡಿಗೆ ಮತ್ತೆ ಕಾಲ ಬಂತು. ಇವನು ಹೊಲಕ್ಕೆ ಹೋಗಿ ಕೇಳಿದರೆ ರೈತ, "ತಗೊಂಡೋಗಪ್ಪ, ಹಕ್ಕಿಗಳೂ ಅದರ ಮೇಲೇ ಕೂತ್ಕೊತಾವೆ ಈಗ," ಎಂದ.

ಎಲ್ಲ ಬಂದು ಹೋಗುತ್ತಿರುವಾಗ ಬಂದು ನಿಂತು ಉಳಿದದ್ದು ಒಂದು. ಅದು ಗಾಡಿಯ ಮೇಲೆ ಕೂರಿಸಿದ ಜನರೇಟರು.

ಅದು ಬರುವ ಮೊದಲು ಮೈಕ್‌ಸೆಟ್ಟಿನವರ ಪದ್ಧತಿ ಬೇರೆ ಇತ್ತು. ಕರೆಂಟನ್ನು ಬೀದಿಯ ಮನೆಯವರ ಹತ್ತಿರ ಕೇಳಿ ಪಡೆಯಬೇಕಾಗಿತ್ತು. ದಿಬ್ಬಣ ಹೊರಡುವ ಮೊದಲು ಅವನು ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ಬಾಗಿಲು ತಟ್ಟುತ್ತಿದ್ದ. "ಅಕ್ಕಾ, ಒಂದು ಪ್ಲಗ್ಗು ಕೊಡ್ತೀರಾ?" ಎನ್ನುತ್ತಿದ್ದ. ಪ್ಲಗ್ಗಿನ ಜೊತೆಗೆ ಮನೆಯ ಸಮಾಚಾರವೂ ಬರುತ್ತಿತ್ತು. ಮಗು ಈಗ ತಾನೆ ಮಲಗಿದೆ ಎಂದರೆ ಹಾರನ್ನಿನ ಮೂತಿ ಆಚೆ ತಿರುಗಿಸುತ್ತಿದ್ದ. ಒಳಗೆ ಮುದುಕರು ಹಾಸಿಗೆ ಹಿಡಿದಿದ್ದಾರೆ ಎಂದರೆ ಆ ಮನೆ ದಾಟುವವರೆಗೆ ಹಾಡು ನಿಲ್ಲಿಸುತ್ತಿದ್ದ. ಕೊಟ್ಟವರು ಕೊಟ್ಟರು, ಕೊಡದವರು ಬೈದರು. ಹೀಗೆ ಕಂಡವರ ಮನೆಯ ಗೋಡೆಗೆ ಕೈಚಾಚುವುದು ಅವನಿಗೆ ಭಿಕ್ಷೆ ಎತ್ತಿದ ಹಾಗೆ ಅನ್ನಿಸುತ್ತಿತ್ತು. ಜನರೇಟರು ಬಂದ ದಿನ ಅದಕ್ಕೆ ಹೂವು ಏರಿಸಿ, ಕಾಯಿ ಒಡೆದು, "ಇನ್ನು ಯಾರ ಹಂಗೂ ಇಲ್ಲ," ಎಂದ. ಆ ದಿನದಿಂದ ಅವನು ಯಾರ ಬಾಗಿಲನ್ನೂ ತಟ್ಟಲಿಲ್ಲ.

ಒಂದು ವರ್ಷ ಮದುವೆಯ ಕಾಲದಲ್ಲಿ ಒಂದು ಹಾಡು ಬಂತು. ಅದರ ಜೊತೆಗೆ ಒಂದು ಸ್ಟೆಪ್ಪೂ ಬಂತು. ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ ಮುಗಿದು ತೂಗಾಡುವುದು. ಅಜ್ಜಂದಿರಿಂದ ಹಿಡಿದು ಹಾಲು ಕುಡಿಯುವ ಮಕ್ಕಳವರೆಗೆ ಎಲ್ಲರೂ ಅದನ್ನೇ ಕುಣಿದರು. ಇವನು ಆ ಹಾಡಿಗೆಂದೇ ಎದೆ ನಡುಗಿಸುವ ಹೊಸ ಬಾಕ್ಸುಗಳನ್ನು ತರಿಸಿದ.

ಆ ಕಾಲದ ಒಂದು ಬೆಳಿಗ್ಗೆ ದಿಬ್ಬಣವೊಂದು ಒಬ್ಬ ದರ್ಜಿಯ ಮನೆಯಿದ್ದ ಬೀದಿಗೆ ಬಂತು. ಡಿಜೆಯವನು ಗಾಡಿಯ ಮೇಲೆ ನಿಂತಿದ್ದ. ಎರಡು ಕಿವಿಗೂ ಹೆಡ್‌ಫೋನು, ಕೈಯಲ್ಲಿ ಮೈಕು. ಹಾಡು ಜೋರಾಗಿರುವಾಗಲೇ ದರ್ಜಿ ಮನೆಯೊಳಗಿಂದ ಓಡಿ ಬಂದು ಗಾಡಿಯ ಮುಂದೆ ನಿಂತ. ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ ಮುಗಿದ.

ಡಿಜೆಯವನಿಗೆ ಖುಷಿಯೋ ಖುಷಿ. ಮೈಕಿನಲ್ಲಿ, "ಲುಂಗಿ ಅಣ್ಣನ್ನ ನೋಡ್ರಪ್ಪಾ! ಸ್ಟೆಪ್ಪು ಅಂದ್ರೆ ಇದು! ಅಣ್ಣನಿಗೋಸ್ಕರ ಇನ್ನೊಂದ್ಸಲ!" ಎಂದು ಕೂಗಿದ. ಹಾಡನ್ನು ಮೊದಲಿನಿಂದ ಹಾಕಿ ಸದ್ದು ಏರಿಸಿದ. ಹುಡುಗರು ದರ್ಜಿಯನ್ನು ಸುತ್ತಿಕೊಂಡು ಹೆಗಲ ಮೇಲೆ ಎತ್ತಿದರು. ಅವನು ಅಲ್ಲಿಂದಲೂ ಕೈ ಮುಗಿದ, ಬಾಯಿ ತೆರೆದು ಏನೋ ಕೂಗಿದ, ಅವನ ಕಣ್ಣಲ್ಲಿ ನೀರಿತ್ತು. ಬೆಳ್ಳಂಬೆಳಿಗ್ಗೆಯೇ ಎಣ್ಣೆ ಹಾಕಿಕೊಂಡಿದ್ದಾನೆ ಎಂದು ಡಿಜೆಯವನು ನಕ್ಕು, ಬಣ್ಣದ ಕಾಗದ ಹಾರಿಸುವ ಕೊಳವೆಯನ್ನು ಅವನ ಕಡೆಗೇ ತಿರುಗಿಸಿ ಹಾರಿಸಿದ. ದರ್ಜಿ ಹೇಗೋ ಕೊಸರಿಕೊಂಡು ಇಳಿದು, ತಲೆ ತುಂಬ ಕಾಗದದ ಚೂರು ಹೊತ್ತುಕೊಂಡೇ ಮನೆಯೊಳಗೆ ಓಡಿದ.

ಛತ್ರದಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಮಾತಾಡಿಕೊಂಡರು. ದರ್ಜಿಯ ತಾಯಿ ತೀರಿಕೊಂಡಳಂತೆ. ದಿಬ್ಬಣ ಅವನ ಬಾಗಿಲ ಮುಂದೆ ಇರುವಾಗಲೇ ಜೀವ ಹೋಯಿತಂತೆ. ಡಿಜೆಯವನು ಕೈಯಲ್ಲಿದ್ದ ತುತ್ತನ್ನು ಎಲೆಗೇ ಹಾಕಿದ.

ಅಷ್ಟರಲ್ಲಿ ಲುಂಗಿ ಅಣ್ಣನ ಕುಣಿತ ಎಲ್ಲರ ಫೋನಿಗೂ ಬಂದಿತ್ತು. ಅವನ ಫೋನಿಗೂ ಬಂತು. ಅದರಲ್ಲಿ ತನ್ನ ದನಿ ಕೇಳಲಾರದೆ ಅವನು ಸದ್ದನ್ನು ಪೂರ್ತಿ ಇಳಿಸಿದ. ಸದ್ದಿಲ್ಲದೆ ನೋಡಿದಾಗ ದರ್ಜಿ ಕುಣಿಯುತ್ತಿರಲಿಲ್ಲ. ಅವನ ತುಟಿ 'ನಿಲ್ಸಿ, ನಿಲ್ಸಿ' ಎನ್ನುತ್ತಿತ್ತು. ಒಂದು ಸಲ 'ಅವ್ವ' ಎಂದಿತು. ಜನ ನಗುತ್ತಿದ್ದರು, ಮೇಲೆ ನಿಂತ ತಾನೂ ನಗುತ್ತಿದ್ದೆ ಎಂಬುದು ಅವನಿಗೆ ಕಂಡಿತು. ಅವನು ಎಲೆಯ ಮುಂದಿನಿಂದ ಎದ್ದು ಹೋದ. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು.

ಅವತ್ತೇ ಹೋಗಬೇಕಾಗಿತ್ತು, ಹೋಗಲಿಲ್ಲ. ಮಣ್ಣಿಗೆ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ದರ್ಜಿಯ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಓಡಾಡತೊಡಗಿದ. ಯಾರಾದರೂ ಕತ್ತರಿ ಹಿಡಿದದ್ದು ಕಂಡರೂ ಮುಖ ತಿರುಗಿಸುತ್ತಿದ್ದ. ಆದರೆ ಅವನ ಕಸುಬು ಅವನಿಗೆ ಒಂದು ಸಮಾಧಾನ ಹೇಳಿಕೊಟ್ಟಿತ್ತು. ಏನೇ ಇರಲಿ, ಒಂದು ವರ್ಷ ತಡೆದರೆ ಹಳತಾಗುತ್ತದೆ. ಹಳತಾದ ಮೇಲೆ ಯಾರೂ ಕೇಳುವುದಿಲ್ಲ. ಅವನು ಕಾದ.

ಅವನು ಅಂದುಕೊಂಡ ಹಾಗೆಯೇ ಆಯಿತು. ಮುಂದಿನ ವರ್ಷದ ಹೊತ್ತಿಗೆ ಆ ಹಾಡನ್ನು ಯಾರೂ ಕೇಳಲಿಲ್ಲ. ಆ ಸ್ಟೆಪ್ಪನ್ನು ಕುಣಿದವನನ್ನು ಜನ ಹಳೇ ಗಿರಾಕಿ ಎಂದು ಹಾಸ್ಯ ಮಾಡಿದರು. ಲುಂಗಿ ಅಣ್ಣನ ವಿಡಿಯೋ ಎಲ್ಲರ ಫೋನಿನಿಂದಲೂ ಅಳಿದುಹೋಯಿತು. ಎದೆ ನಡುಗಿಸುವ ಬಾಕ್ಸುಗಳನ್ನೂ ಕೊಟ್ಟು ಬೇರೆ ತಂದದ್ದಾಯಿತು. ಹಾಡು ಹೇಗೆ ಶುರುವಾಗುತ್ತಿತ್ತು ಎಂದು ಒಂದು ದಿನ ನೆನೆಸಿಕೊಂಡರೆ ಅವನಿಗೇ ಬರಲಿಲ್ಲ. ಈಗ ಹೋಗಬಹುದು ಎಂದುಕೊಂಡ.

ಬರಿಗೈಯಲ್ಲಿ ಹೋಗಲು ಧೈರ್ಯ ಬರದೆ, ಸೊಂಟ ಬಿಗಿಯಾಗಿದೆ ಎಂಬ ನೆಪದಲ್ಲಿ ಒಂದು ಪ್ಯಾಂಟು ಹಿಡಿದುಕೊಂಡು ಹೋದ. ದರ್ಜಿಗೆ ಗುರುತು ಹತ್ತಿತು. ಆದರೂ ಟೇಪು ತಂದು ಅವನ ಸೊಂಟದ ಅಳತೆ ತೆಗೆದುಕೊಂಡ. ಬಯ್ದಿದ್ದರೆ ಆಗಿತ್ತು, ಎರಡು ಏಟು ಕೊಟ್ಟಿದ್ದರೂ ಆಗಿತ್ತು. ಆ ಅಳತೆ ತೆಗೆಯುವಷ್ಟು ಹೊತ್ತು ಡಿಜೆಯವನು ಸತ್ತು ಬದುಕಿದ.

"ಅಣ್ಣ, ಅವತ್ತು ನನಗೆ ಗೊತ್ತಾಗ್ಲಿಲ್ಲ. ಕುಣೀತಾ ಇದೀರಿ ಅಂದ್ಕೊಂಡೆ," ಎಂದ.

ದರ್ಜಿ ಟೇಪು ಸುತ್ತಿಟ್ಟ. "ಮೂರು ದಿನದಿಂದ ಅವ್ವಂಗೆ ಮಾತಿರ್ಲಿಲ್ಲ. ಅವತ್ತು ಕಣ್ಣು ಬಿಟ್ಟು ನನ್ನ ಹೆಸರು ಹಿಡಿದು ಕರೆದಳು. ತುಟಿ ಆಡಿದ್ವು. ಬಾಯಿ ಹತ್ರಕ್ಕೆ ಕಿವಿ ಕೊಟ್ಟೆ. ನಿಮ್ಮ ಹಾಡೇ ಕೇಳ್ತು. ಅದಕ್ಕೇ ಓಡಿ ಬಂದೆ," ಎಂದ.

"ತಪ್ಪಾಯ್ತು ಅಣ್ಣ. ಒಂದು ವರ್ಷ ಆಗೋಯ್ತು, ಈಗ ಆ ಹಾಡೂ ಇಲ್ಲ. ಮರೆತುಬಿಡಿ," ಎಂದು ಡಿಜೆಯವನು ಕೈ ಮುಗಿದ.

"ನಿಮಗೆ ಮರೆತೋಗೈತೆ," ಎಂದ ದರ್ಜಿ. "ನನಗೆ ಮೊದ್ಲಿಂದ ಕೊನೇವರ್ಗೂ ಬರ್ತೈತೆ. ಅವ್ವನ್ನ ನೆನೆಸ್ಕೊಂಡ್ರೆ ಅವಳ ಮುಖಕ್ಕಿಂತ ಮುಂಚೆ ಅದೇ ಬರ್ತೈತೆ. ಪ್ಯಾಂಟು ನಾಳಿದ್ದು ಕೊಡ್ತೀನಿ."

ಡಿಜೆಯವನು ಆ ಪ್ಯಾಂಟು ತರಲು ಹೋಗಲಿಲ್ಲ.

ಆದರೆ ಅಂದಿನಿಂದ ಅವನು ಗಾಡಿಯ ಮೇಲೆ ನಿಲ್ಲುವುದನ್ನು ಬಿಟ್ಟ. ದಿಬ್ಬಣಕ್ಕಿಂತ ಮುಂದೆ ನಡೆದುಕೊಂಡು ಹೋಗಿ ಒಂದೊಂದೇ ಬಾಗಿಲು ತಟ್ಟುತ್ತಾನೆ. "ಅವ್ವಾ, ಒಳಗೆ ಯಾರಾದ್ರೂ ಮಲಗಿದಾರಾ?" ಎಂದು ಕೇಳುತ್ತಾನೆ. ಗಾಡಿಯ ಮುಂದೆ ನಡೆಯುವುದು ಹೊಸ ಸ್ಟೈಲು ಎಂದುಕೊಂಡು ಸುತ್ತಲಿನ ಡಿಜೆಗಳೆಲ್ಲ ಒಂದು ವರ್ಷ ಹಾಗೆಯೇ ನಡೆದರು. ಬಾಗಿಲು ಮಾತ್ರ ಯಾರೂ ತಟ್ಟಲಿಲ್ಲ. ಆಮೇಲೆ ಕಾಲು ನೋವೆಂದು ಅವರು ಗಾಡಿ ಹತ್ತಿದರು. ಇವನು ಇನ್ನೂ ನಡೆಯುತ್ತಿದ್ದಾನೆ. ದರ್ಜಿಯ ಬೀದಿ ಬಂದರೆ ಹಾಡು ನಿಲ್ಲಿಸಿ, ತಲೆ ತಗ್ಗಿಸಿಕೊಂಡು ದಾಟುತ್ತಾನೆ. ಆ ಒಂದು ಬಾಗಿಲನ್ನು ತಟ್ಟಲು ಅವನಿಗೆ ಇವತ್ತಿಗೂ ಕೈ ಬಂದಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಕತೆ ಷಡಕ್ಷರಿಯ ಮನಸ್ಸಿಗೆ ತಾಗಿತ್ತು. ಆದರೆ ಭಕ್ತರು ಸಂಜೆಗೆ ಬರುವವರಿದ್ದರು, ಉತ್ತರ ಬೇಕಾಗಿತ್ತು. "ಹಾಗಾದರೆ ಮಠಕ್ಕೆ ಯಾವುದನ್ನು ತರೋಣ, ಗುರುಗಳೇ?" ಎಂದು ಕೇಳಿದ.

"ಮಠದ ಎದುರಿನ ಮೊದಲನೇ ಮನೇಲಿ ಹಾಸಿಗೆ ಹಿಡಿದಿರೋರ ಹೆಸರು ಹೇಳು, ಆಮೇಲೆ ತರೋಣ," ಎಂದರು ಗುರುಗಳು.

ಷಡಕ್ಷರಿಗೆ ಆ ಹೆಸರು ಗೊತ್ತಿರಲಿಲ್ಲ. ಫೋನನ್ನು ಅಲ್ಲೇ ಇಟ್ಟು, ಎದುರಿನ ಮನೆಯ ಬಾಗಿಲು ತಟ್ಟಲು ಎದ್ದ.