ಉಗ್ರಾಣದ ಬೀಗ

ಹೊಳೆಯ ದಂಡೆಯ ಆಶ್ರಮದಲ್ಲಿ ಒಂದು ಶಾಲೆಯಿತ್ತು. ಮಕ್ಕಳು ಬೆಳಿಗ್ಗೆ ಹರಿವಿಗೆ ಎದುರಾಗಿ ದೋಣಿಯಲ್ಲಿ ಬರುತ್ತಿದ್ದರು, ಸಂಜೆ ಹರಿವಿನ ಜೊತೆ ಮನೆಗೆ ಮರಳುತ್ತಿದ್ದರು.

ಅವರಿಗೆ ಗಣಿತ ಕಲಿಸುತ್ತಿದ್ದವನು ಗುರುಗಳ ಶಿಷ್ಯ ಸುಕೇಶ. ಮನೆಗೆ ಹೋದ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂಬುದು ಅವನ ಕೊರಗು. ಅದಕ್ಕೇ ಆನ್‌ಲೈನ್ ಹೋಂವರ್ಕ್ ಶುರುಮಾಡಿದ. ಲೆಕ್ಕ ಅಪ್ಪ ಅಮ್ಮನ ಮೊಬೈಲಿಗೆ ಹೋಗುತ್ತಿತ್ತು. ಉತ್ತರ ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಹಸಿರು ಬರುವ ತನಕ ಎಷ್ಟು ಸಲ ಬೇಕಾದರೂ ಉತ್ತರ ಹಾಕಬಹುದಿತ್ತು.

ತಿಂಗಳಾದ ಮೇಲೆ ಅವನು ಹಸಿರು ತುಂಬಿದ ಮೊಬೈಲ್ ಪರದೆಯನ್ನು ಗುರುಗಳ ಮುಂದೆ ಹಿಡಿದ.

“ನೋಡಿ ಗುರುಗಳೇ. ಈಗ ಮನೆಯಲ್ಲೂ ಲೆಕ್ಕ ಮಾಡುತ್ತಾರೆ.”

“ಪೈರು ಚೆನ್ನಾಗಿ ಬಂದಿದೆ,” ಎಂದರು ಗುರುಗಳು. “ಈ ಮೂಲೆ ಯಾಕೆ ಕೆಂಪಗಿದೆ?”

“ಅದು ಭಾಗೀರಥಿಯದು. ಒಂದು ಸಲ ಉತ್ತರ ಹಾಕುತ್ತಾಳೆ. ತಪ್ಪಾದರೆ ಅಲ್ಲಿಗೇ ಬಿಡುತ್ತಾಳೆ. ಸೋಮವಾರದಿಂದ ಅವಳನ್ನು ಕೆಳಗಿನ ತರಗತಿಯಲ್ಲಿ ಕೂರಿಸುತ್ತೇನೆ.”

“ಅವಳಿಗೆ ಹೇಳಿದೆಯಾ?”

“ನಾಳೆ ಹೇಳುತ್ತೇನೆ.”

ಗುರುಗಳು ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದು ಕೊಟ್ಟರು. “ಹಸಿವಾಗಿದೆ. ಉಗ್ರಾಣದಿಂದ ಒಂದಿಷ್ಟು ಅವಲಕ್ಕಿ ತಾರಪ್ಪ.”

ಸುಕೇಶ ಒಂದೊಂದನ್ನೇ ತೂರಿಸಿ ನೋಡಿದ. ಯಾವುದೋ ಒಂದು ತಿರುಗಿತು. ಅವಲಕ್ಕಿ ತೆಗೆದುಕೊಂಡು, ಬೀಗ ಒತ್ತಿ ಬಂದ.

“ಬೆಲ್ಲ?”

ಮತ್ತೆ ಹೋದ. ಮತ್ತೆ ಮೊದಲಿನಿಂದ ಶುರು. ಗೊಂಚಲಿನ ಸದ್ದು ಜಗಲಿಯ ತನಕ ಕೇಳುತ್ತಿತ್ತು.

“ಈಗ ತಾನೇ ತೆಗೆದ ಬೀಗ ಅಲ್ಲವೇನೋ ಅದು?” ಗುರುಗಳು ಕೂತಲ್ಲಿಂದಲೇ ಕೂಗಿದರು.

“ಹೌದು ಗುರುಗಳೇ. ಯಾವುದರಿಂದ ತೆಗೆದೆ ಅಂತ ನೋಡಿಕೊಳ್ಳಲಿಲ್ಲ.”

“ಬಾಗಿಲು ತೆರೆಯಿತಲ್ಲ, ಬಿಡು.”

ಸುಕೇಶನ ಬೆರಳುಗಳು ಗೊಂಚಲಿನ ಮೇಲೆ ನಿಂತವು.

ಮರುದಿನ ಅವನು ಭಾಗೀರಥಿಗೆ ಏನೂ ಹೇಳಲಿಲ್ಲ. ಹೋಂವರ್ಕಿನ ಒಂದು ಲೆಕ್ಕವನ್ನೇ ಕಪ್ಪುಹಲಗೆಯ ಮೇಲೆ ಬರೆದ, ಸಂಖ್ಯೆ ಮಾತ್ರ ಬೇರೆ. ದೋಣಿ ಹೋಗುವಾಗ ಗಂಟೆಗೆ ಆರು ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ ಮೂರು. ಸರಾಸರಿ ವೇಗ ಎಷ್ಟು?

“ನಾಲ್ಕೂವರೆ!”

“ಅಲ್ಲ.”

“ಐದು?”

“ಅಲ್ಲ.”

“ಎಷ್ಟು ಸಲ ಹೇಳಬಹುದು ಸರ್?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ತರಗತಿ ಗೊಳ್ಳೆಂದಿತು. ಸುಕೇಶನಿಗೆ ನಗು ಬರಲಿಲ್ಲ.

ಭಾಗೀರಥಿ ಎದ್ದು ನಿಂತಳು. “ನಾನೂ ಮನೆಯಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡಿದ್ದೆ ಸರ್. ಕೆಂಪು ಬಂತು.”

“ಮತ್ತೆ ಯಾಕೆ ಹಾಕಲಿಲ್ಲ?”

“ಎಲ್ಲಿ ತಪ್ಪಿದೆ ಅಂತ ತಿಳಿಯದೆ ಏನು ಹಾಕಲಿ? ಕೇಳೋಣ ಅಂದರೆ, ‘ಮತ್ತೆ ಪ್ರಯತ್ನಿಸಿ’ ಅನ್ನೋದು ಬಿಟ್ಟು ಆ ಮೊಬೈಲಿಗೆ ಬೇರೆ ಮಾತೇ ಬರಲ್ಲ.”

“ನನ್ನನ್ನು ಕೇಳಬಹುದಿತ್ತಲ್ಲ?”

“ನೀವು ಹಸಿರು ನೋಡಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದಿರಿ.”

ಅವಳು ಹಲಗೆಯನ್ನೇ ನೋಡುತ್ತಿದ್ದಳು.

“ಇವತ್ತು ದೋಣಿಯಲ್ಲೂ ಅದನ್ನೇ ಯೋಚಿಸುತ್ತಿದ್ದೆ ಸರ್. ಹರಿವಿಗೆ ಎದುರು ಬರುವಾಗ ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಗಾದರೆ ಆರರದ್ದೂ ಮೂರರದ್ದೂ ಸಮಪಾಲು ಹೇಗಾಗುತ್ತದೆ?”

ಸುಕೇಶ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ.

ಸಂಜೆ ಅವನು ಗುರುಗಳ ಬಳಿ ಬಂದು ಕೂತ.

“ಭಾಗೀರಥಿ ಅದೇ ತರಗತಿಯಲ್ಲಿ ಇರುತ್ತಾಳೆ. ಆ ಹೋಂವರ್ಕ್ ನಿಲ್ಲಿಸಿಬಿಡುತ್ತೇನೆ ಗುರುಗಳೇ.”

“ದೋಣಿಯಲ್ಲಿ ಕೂತವಳ ತಲೆಗೆ ಲೆಕ್ಕ ಹೊಗಿಸಿದ್ದು ಯಾವುದು?”

“ಅದೇ ಹೋಂವರ್ಕ್,” ಎಂದ ಸುಕೇಶ. “ಹಾಗಾದರೆ ಏನು ಮಾಡಲಿ?”

ಗುರುಗಳು ಗೊಂಚಲನ್ನು ಅವನ ಮಡಿಲಿಗೆ ಎಸೆದರು.

“ಹೋಗಿ ಅವಲಕ್ಕಿ ತಾ. ಬರುವಾಗ ಯಾವುದರಿಂದ ತೆರೆಯಿತು ಅಂತ ನೋಡಿ, ಆ ಬೀಗದ ಕೈಗೊಂದು ದಾರ ಕಟ್ಟಿಕೊಂಡು ಬಾ.”